ಸೈಲೆನ್ಸರಿನ ಸಣ್ಣ ತೂತು

ಪಿಕಪ್ ಇನ್ನೂ ಊರ ಅಗಸಿಗೆ ಬಂದಿರುವುದಿಲ್ಲ, ಅಷ್ಟರಲ್ಲೇ ಅವ್ವ ಒಲೆಯ ಮೇಲೆ ಹಂಚು ಇಟ್ಟಿರುತ್ತಾಳೆ. ಘತ್ತರಗಿ ಕಡೆಯ ದಾರಿಯಲ್ಲಿ ರಾತ್ರಿ ಹೊತ್ತು ಗಾಡಿಗಳಿಗೇನೂ ಬರವಿಲ್ಲ. ಕಬ್ಬಿನ ಟ್ರ್ಯಾಕ್ಟರು, ಟಿಪ್ಪರು, ಗಾಣಗಾಪುರದ ದತ್ತನ ದರ್ಶನಕ್ಕೆ ಹೊರಟವರ ಜೀಪು ಓಡಾಡುತ್ತಲೇ ಇರುತ್ತವೆ. ಅಷ್ಟರ ನಡುವೆ ನಮ್ಮ ಗಾಡಿಯ ದನಿ ಅವಳಿಗೆ ಬೇರೆಯಾಗಿ ಕೇಳುತ್ತದೆ. "ಬಂದ್ರು, ತಾಟು ಹಾಕು" ಎಂದು ಸೊಸೆಗೆ ಹೇಳುತ್ತಾಳೆ. ಆ ಮಾತು ಒಮ್ಮೆಯೂ ಸುಳ್ಳಾಗಿಲ್ಲ.

ಮೂರು ವರ್ಷದ ಹಿಂದೆ ಒಂದು ರಾತ್ರಿ ಊಟಕ್ಕೆ ಕೂತಾಗ ಅವಳೇ ಅಂದಳು: "ಗಾಡಿ ದನಿ ಒಡದದ. ಯಾರಿಗರೆ ತೋರಸ್ರಿ." ದಿನವೂ ಗಾಡಿ ಓಡಿಸುವ ತಮ್ಮನಿಗೂ ಪಕ್ಕದಲ್ಲಿ ಕೂರುವ ನನಗೂ ಏನೂ ಕೇಳಿರಲಿಲ್ಲ. ದನಿ ದಿನಕ್ಕಿಷ್ಟೇ ಇಷ್ಟು ಬದಲಾದರೆ ಒಳಗೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ಮರುವಾರ ಉದ್ದಿನ ಚೀಲ ಹೇರಿಕೊಂಡು ಆಳಂದಕ್ಕೆ ಹೋದಾಗ, ಚೀಲ ಇಳಿಸಿ ಬರುವ ದಾರಿಯಲ್ಲೇ ಒಬ್ಬ ವೆಲ್ಡಿಂಗಿನವನ ಹತ್ತಿರ ಗಾಡಿ ನಿಲ್ಲಿಸಿದೆವು. ಅವನು ಕೆಳಗೆ ಮಲಗಿ ಸೈಲೆನ್ಸರ್ ಡಬ್ಬಿಯ ಹೊಲಿಗೆ ಬಿಟ್ಟ ಕಡೆ ತಗಡಿನ ತೇಪೆ ಹಚ್ಚಿದ. ಎದ್ದು ಕೈ ಒರೆಸಿಕೊಳ್ಳುತ್ತ, "ತಳದಾಗ ಇನ್ನೊಂದು ಸಣ್ಣ ತೂತಿತ್ರಿ, ನೀರು ಹನಿ ಬೀಳ್ತಿತ್ತು. ಅದನ್ನೂ ಮುಚ್ಚೀನಿ. ಅದರ ರೊಕ್ಕ ಬ್ಯಾಡ" ಅಂದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕೆಲಸ. ನಾವೂ ಸಂತೋಷದಿಂದಲೇ ಬಂದೆವು. ಆ ತೂತಿನ ಮಾತು ಮುಂದೆ ಹೇಳುತ್ತೇನೆ.

ನಮ್ಮದು 2011ರ ಬೊಲೆರೊ ಪಿಕಪ್. ಕೆಎ 32ರ ನಂಬರು, ಎರಡೂವರೆ ಲೀಟರಿನ ಡೀಸೆಲ್ ಎಂಜಿನ್. ಅದು ಹೊರದ ಮಾಲಿಲ್ಲ. ತೊಗರಿ, ಹತ್ತಿ, ಉಳ್ಳಾಗಡ್ಡಿ, ಗೊಬ್ಬರ, ಶಹಾಬಾದಿನ ಪರಸಿ ಕಲ್ಲು ಎಲ್ಲವನ್ನೂ ಹೊತ್ತಿದೆ. ತಂಗಿಯ ಮದುವೆಯ ಸಾಮಾನು ಹೋದದ್ದೂ ಅದರಲ್ಲೇ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಳೆದಂಡೆಯ ಊರುಗಳಿಗೆ ನುಗ್ಗಿದಾಗ ಮೊದಲು ಜೋಳದ ಚೀಲ, ಆಮೇಲೆ ಮುದುಕರು, ಕೊನೆಗೆ ಆಕಳ ಕರು ದಿಬ್ಬಕ್ಕೆ ಹೋದದ್ದು ಇದೇ ಗಾಡಿಯಲ್ಲಿ. ಕೊನೆಯ ಸರ್ತಿ ವಾಪಸು ಬರುವಾಗ ದಾರಿ ಮುಚ್ಚಿ, ಗಾಡಿ ಮೊಣಕಾಲುದ್ದ ನೀರಲ್ಲಿ ಎರಡು ದಿನ ನಿಂತಿತ್ತು. ನೀರು ಇಳಿದ ಮೇಲೆ ಎಂಜಿನ್ನಿಗೆ ಏನಾಗಿದೆ ಅಂತ ಎಲ್ಲರೂ ನೋಡಿದೆವು. ಹಿಂದಿನ ಪೈಪಿನಲ್ಲಿ ಹೋದ ರಾಡಿ ಏನಾಯಿತು ಅಂತ ಒಬ್ಬರೂ ಕೇಳಲಿಲ್ಲ.

ಕಳೆದ ಹತ್ತಿ ಹಂಗಾಮಿನಲ್ಲಿ ಜೇವರ್ಗಿಗೆ ಹತ್ತಿ ಒಯ್ದಿದ್ದೆವು. ಆ ಸೀಮೆಯ ಎರೆಭೂಮಿಯಲ್ಲಿ ನವೆಂಬರಿನಿಂದ ಎಲ್ಲಿ ನೋಡಿದರೂ ಬೆಳ್ಳಗೆ ಹತ್ತಿ ಒಡೆದಿರುತ್ತದೆ. ಗಾಡಿಯ ಮೇಲೆ ಜಾಲಿ ಕಟ್ಟಿ ಹನ್ನೆರಡು ಕ್ವಿಂಟಲ್ ಬಿಡಿ ಹತ್ತಿ ತುಂಬಿದ್ದೆವು. ಜಿನ್ನಿಂಗ್ ಮಿಲ್ಲಿನ ಗೇಟಿಗೆ ಬರುವಾಗ ಹೊತ್ತು ಮುಳುಗಿತ್ತು. ಗೇಟಿನ ಮುದುಕ ಕೈ ಅಡ್ಡ ಮಾಡಿ ನಿಲ್ಲಿಸಿದ. ಬಗ್ಗಿ ಕೆಳಗೆ ನೋಡಿ ತಮ್ಮನಿಗೆ ಹೇಳಿದ: "ಎಂಜಿನ್ ಬಂದ್ ಮಾಡ್ರಿ ಮೊದಲು. ಕೆಳಗ ಕಿಡಿ ಹಾರ್ಲಿಕತ್ತಾವ." ನಾನು ಇಳಿದು ನೋಡಿದೆ. ಕ್ಯಾಬಿನ್ನಿನ ಹಿಂದೆ ಎರಡು ಪೈಪು ಕೂಡುವ ಕಡೆ ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಅದರ ಸುತ್ತ ಮಸಿ ಹಿಡಿದಿತ್ತು. ತಮ್ಮ ಬಂದ್ ಮಾಡುವ ಮೊದಲು ಒಮ್ಮೆ ಎಕ್ಸಿಲೇಟರ್ ತುಳಿದಾಗ ಆ ಬಾಯಿಂದ ಕೆಂಪನೆಯ ಎರಡು ಮೂರು ಚೂರು ಸಿಡಿದವು. ಅದರ ಮೇಲೆ ಒಂದು ಗೇಣು ದೂರದಲ್ಲಿ ಹಲಗೆ, ಹಲಗೆಯ ಮೇಲೆ ಹತ್ತಿ.

ಹತ್ತಿ ಬೆಂಕಿ ಹಿಡಿಯಲು ಸುಮಾರು 400 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಹೊರೆ ಹೊತ್ತು ದಿಬ್ಬ ಏರುವ ಡೀಸೆಲ್ ಎಂಜಿನ್ನಿನ ಬಾಯಿಂದ ಹೊರಡುವ ಹೊಗೆ ಅದಕ್ಕಿಂತ ಬಿಸಿ ಇರುತ್ತದೆ. ಸೈಲೆನ್ಸರಿನ ಒಳಗೋಡೆಗೆ ಅಂಟಿದ ಮಸಿ ಹೆಪ್ಪುಗಟ್ಟಿ, ಕಾದು, ಕಳಚಿದರೆ ಅದೇ ಕಿಡಿ. ಎಂಜಿನ್ನಿನಿಂದ ಬಾಲದವರೆಗೆ ಪೈಪು, ಡಬ್ಬಿ ಎಲ್ಲ ಸೇರಿದ ಲೈನ್ ಗಟ್ಟಿಯಾಗಿದ್ದರೆ ಆ ಕಿಡಿ ಡಬ್ಬಿಯ ಕೋಣೆಗಳಲ್ಲಿ ಬಡಿದು ಬಡಿದು ಬಾಲದ ಪೈಪಿಗೆ ಬರುವಷ್ಟರಲ್ಲಿ ತಣ್ಣಗಾಗುತ್ತದೆ. ಲೈನ್ ನಡುವೆಯೇ ಬಾಯಿ ಬಿಟ್ಟರೆ ತಣ್ಣಗಾಗಲು ಜಾಗವೇ ಇಲ್ಲ. ಆ ಮುದುಕ ನಮ್ಮ ಗಾಡಿಯನ್ನು ಒಳಗೆ ಬಿಡಲಿಲ್ಲ. ಹಮಾಲರು ಅಷ್ಟೂ ಹತ್ತಿಯನ್ನು ಗೇಟಿನ ಹೊರಗೇ ಇಳಿಸಿ ಹೊತ್ತು ಒಯ್ದರು. ಹಮಾಲಿ ಎರಡು ಪಟ್ಟು ಆಯಿತು. ಮಿಲ್ಲಿನ ಅಂಗಳದಲ್ಲಿ ಮನೆಯೆತ್ತರದ ಹತ್ತಿಯ ರಾಶಿಗಳಿದ್ದವು. ಅವುಗಳನ್ನು ನೋಡಿದ ಮೇಲೆ ಅವನಿಗೆ ಕೈಮುಗಿದೇ ಬಂದೆ.

ಅಫಜಲಪುರದಲ್ಲಿ ನಮ್ಮ ಗಾಡಿ ನೋಡುವ ಉಸ್ತಾದ್ ಇದ್ದಾರೆ. ಸೊಲ್ಲಾಪುರದಲ್ಲಿ ಕೆಲಸ ಕಲಿತವರು, ಮಾತು ಕಡಿಮೆ. ಎಂಜಿನ್ ಚಾಲೂ ಮಾಡಿಸಿ, ಒದ್ದೆ ಗೋಣಿತಟ್ಟಿನ ಉಂಡೆಯನ್ನು ಹಿಂದಿನ ಪೈಪಿನ ಬಾಯಿಗೆ ಒಂದು ಕ್ಷಣ ಒತ್ತಿ ಹಿಡಿದರು. ಹೊಗೆಗೆ ದಾರಿ ಸಿಗದೆ ಎಲ್ಲೆಲ್ಲಿ ಬಿರುಕಿತ್ತೋ ಅಲ್ಲೆಲ್ಲ ಬುಸ್ ಎಂದಿತು. ಬೆರಳು ಮಡಚುತ್ತ ಎಣಿಸಿದರು, ಐದು ಕಡೆ. ಬಳಿಕ ಸ್ಕ್ರೂಡ್ರೈವರಿನ ಹಿಡಿಯಿಂದ ಪೈಪಿನುದ್ದಕ್ಕೂ ಬಡಿಯುತ್ತ ಹೋದರು. ಗಟ್ಟಿ ಇದ್ದ ಕಡೆ ಗಂಟೆಯ ಹಾಗೆ ಕಣಕಣ ಅಂದಿತು, ಸತ್ತ ಕಡೆ ಕೊಳೆತ ಕುಂಬಳಕಾಯಿ ಬಡಿದ ಹಾಗೆ ದಪದಪ ಅಂದಿತು. "ಡಬ್ಬಿ ಅಷ್ಟೇ ಬದಲ್ ಮಾಡೂಣೇನ್ರಿ?" ಎಂದು ಕೇಳಿದೆ. "ಮುಂದಿನ ಪೈಪ್ ತೆಳ್ಳಗಾಗ್ಯದ್ರಿ ಗೌಡ್ರ. ಹೊಸಾ ಡಬ್ಬಿ ಭಾರಕ್ಕ ಮೂರು ತಿಂಗಳದಾಗ ಅದು ಮುರೀತದ. ಹಾಕೂದಾದ್ರ ಪೂರಾ ಲೈನ್ ಹಾಕ್ರಿ, ಇಲ್ಲಂದ್ರ ಮುಟ್ಟಬ್ಯಾಡ್ರಿ" ಅಂದರು.

ಹಳೆಯ ಡಬ್ಬಿಯನ್ನು ಕಳಚಿ, ನಾನು ಕೇಳಿದ್ದಕ್ಕೆ ಗ್ರೈಂಡರಿನಿಂದ ಉದ್ದಕ್ಕೆ ಸೀಳಿ ತೋರಿಸಿದರು. ಹದಿನಾಲ್ಕು ವರ್ಷ ಗಾಡಿಯ ಜೊತೆ ಇದ್ದರೂ ಸೈಲೆನ್ಸರಿನ ಒಳಗೇನಿದೆ ಎಂದು ನಾನು ನೋಡಿದ್ದು ಅದೇ ಮೊದಲು. ಮೂರು ಕೋಣೆ, ನಡುವೆ ಅಡ್ಡ ತಗಡು, ಒಂದು ಕೋಣೆಯಿಂದ ಇನ್ನೊಂದಕ್ಕೆ ಸಣ್ಣ ಸಣ್ಣ ರಂಧ್ರಗಳ ನಳಿಕೆ. ಎಂಜಿನ್ನಿನಿಂದ ಬಡಿದು ಬರುವ ಸದ್ದು ಈ ಗೋಡೆಗಳಿಗೆ ತಾಗಿ ತಿರುಗಿ, ಹಿಂದೆ ಬರುವ ಸದ್ದಿಗೆ ಎದುರಾಗಿ, ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ನಮ್ಮದರಲ್ಲಿ ಒಂದು ಅಡ್ಡ ತಗಡು ಪೂರಾ ಕಳಚಿ ಬಿದ್ದಿತ್ತು. ತಳದಲ್ಲಿ ತುಕ್ಕಿನ ಹಪ್ಪಳೆ, ಮಸಿ, ಒಣಗಿ ಗಟ್ಟಿಯಾದ ಭೀಮೆಯ ಎರೆಮಣ್ಣು ಎಲ್ಲ ಸೇರಿ ಒಂದು ಬುಟ್ಟಿ ಆಗುವಷ್ಟಿತ್ತು. ಆ ಮಣ್ಣಿನ ಅಡಿಯಲ್ಲಿ ಇನ್ನೂ ತೇವ ಇತ್ತು.

ಉಸ್ತಾದ್ ಆ ತೇವದ ಮೇಲೆ ಬೆರಳಿಟ್ಟರು. ಸೀಳನ್ನು ತಿರುವಿ ಹಾಕಿ ಹೊರಗಿನ ತಳ ತೋರಿಸಿದರು. ಆಳಂದದಲ್ಲಿ ಮುಚ್ಚಿಸಿದ ವೆಲ್ಡಿಂಗಿನ ಗುಳ್ಳೆ, ಜೋಳದ ಕಾಳಿನಷ್ಟು. "ಇದು ಯಾರು ಮುಚ್ಚಿದ್ರು?" ಎಂದು ಕೇಳಿದರು. ನಾನು ಹೇಳಿದೆ. "ಇದು ಕಂಪನಿಯವ್ರೇ ಬಿಟ್ಟ ತೂತ್ರಿ. ನೀರು ಹೋಗ್ಲಿ ಅಂತ."

ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೂ ಹುಟ್ಟುತ್ತದೆ. ಡೀಸೆಲ್ಲಿನ ಜಲಜನಕ ಗಾಳಿಯ ಆಮ್ಲಜನಕದ ಜೊತೆ ಕೂಡಿ ಆಗುವ ನೀರು ಅದು, ಆವಿಯಾಗಿ ಹೊಗೆಯ ಸಂಗಡ ಹೊರಗೆ ಹೋಗುತ್ತದೆ. ಕಲಬುರಗಿವರೆಗೆ ಒಂದೇ ಸಮ ಓಡಿದರೆ ಪೈಪು ಚೆನ್ನಾಗಿ ಕಾದು ಅಷ್ಟೂ ಆವಿ ಹೊರಟು ಹೋಗುತ್ತದೆ. ಮನೆಯಿಂದ ಹೊಲಕ್ಕೆ, ಹೊಲದಿಂದ ಮನೆಗೆ ಎಂದು ಎರಡೆರಡು ಕಿಲೋಮೀಟರ್ ಓಡಾಡಿದರೆ ಪೈಪು ಕಾಯುವುದೇ ಇಲ್ಲ. ಆವಿ ಡಬ್ಬಿಯ ತಣ್ಣನೆಯ ಗೋಡೆಗೆ ತಾಗಿ ನೀರಾಗಿ ತಳಕ್ಕಿಳಿಯುತ್ತದೆ. ಡೀಸೆಲ್ಲಿನ ಗಂಧಕ ಆ ನೀರಿಗೆ ಸೇರಿದರೆ ಆಮ್ಲವಾಗುತ್ತದೆ. ನಮ್ಮ ಗಾಡಿ ಕೊಂಡ ಕಾಲದ ಬಿಎಸ್ 3 ಡೀಸೆಲ್ಲಿನಲ್ಲಿ ಹತ್ತು ಲಕ್ಷ ಪಾಲಿಗೆ 350 ಪಾಲಿನವರೆಗೆ ಗಂಧಕ ಇರಬಹುದಿತ್ತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ಲಿನಲ್ಲಿ ಆ ಮಿತಿ 10 ಪಾಲು. ಹೊರಗಿನಿಂದ ಎರೆಮಣ್ಣು ಮೆತ್ತಿಕೊಂಡು ವಾರಗಟ್ಟಲೆ ತೇವ ಹಿಡಿದಿಡುತ್ತದೆ, ಒಳಗಿನಿಂದ ಈ ನೀರು ತಿನ್ನುತ್ತದೆ. ಹೊರಗಿನ ತುಕ್ಕು ಕಣ್ಣಿಗೆ ಕಾಣುತ್ತದೆ. ಸೈಲೆನ್ಸರ್ ಸಾಯುವುದು ಹೆಚ್ಚಾಗಿ ಒಳಗಿನದರಿಂದ. ಆ ನೀರಿಗೆ ದಾರಿ ಮಾಡಿಕೊಡಲೆಂದೇ ಡಬ್ಬಿಯ ಅತಿ ತಗ್ಗಿನ ಜಾಗದಲ್ಲಿ ಆ ತೂತು ಬಿಟ್ಟಿರುತ್ತಾರೆ.

ಇನ್ನು ಹೊಸದು ಯಾವುದು ಹಾಕಿಸಬೇಕು ಎಂಬ ಮಾತು. ಮನೆಯಲ್ಲಿ ಇದು ಮೂರು ದಿನ ನಡೆಯಿತು. ಅಕ್ಕನ ಮಗ ಕಲಬುರಗಿಯಲ್ಲಿ ಕಾಲೇಜು ಓದುತ್ತಾನೆ. "ಮಾಮಾ, ಡಬ್ಬಿನೇ ತಗದು ಖಾಲಿ ಪೈಪ್ ಹಾಕಸ್ರಿ. ಪಿಕಪ್ ಛಲೋ ಬರ್ತದ, ಆ್ಯವರೇಜೂ ಬರ್ತದ" ಅಂದ. ಅವನ ಮಾತಿನಲ್ಲಿ ಒಂದು ಎಳೆ ನಿಜ ಇದೆ. ನಮ್ಮ ಡಬ್ಬಿಯ ಹಾಗೆ ಒಳಗೆ ತಗಡು ಬಿದ್ದು ದಾರಿ ಕಟ್ಟಿದರೆ ಹೊಗೆ ಹಿಂದಕ್ಕೆ ಒತ್ತುತ್ತದೆ, ಎಂಜಿನ್ ಏದುಸಿರು ಬಿಡುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಅದಕ್ಕೆ ಮದ್ದು ಸರಿಯಾದ ಡಬ್ಬಿ. ಕಂಪನಿ ಲೆಕ್ಕ ಹಾಕಿ ಕೊಟ್ಟ ಡಬ್ಬಿ ಸ್ವಚ್ಛವಾಗಿದ್ದರೆ, ಅದನ್ನು ತೆಗೆದು ಸಿಗುವ ಲಾಭ ಹೊರೆ ಹೊರುವ ಗಾಡಿಯಲ್ಲಿ ಕೈಗೆ ಸಿಗುವಂಥದ್ದಲ್ಲ. ಸದ್ದು ಮಾತ್ರ ಊರಿಗೆಲ್ಲ ಸಿಗುತ್ತದೆ. ಸದ್ದಾಗಲೀ ಹೊಗೆಯಾಗಲೀ ಮಿತಿ ಮೀರಿದರೆ 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ ಹತ್ತು ಸಾವಿರ ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಲೈಸೆನ್ಸ್ ಮೂರು ತಿಂಗಳು ಅನರ್ಹ. ದಂಡದ ಮಾತು ಬಿಟ್ಟರೂ, ತೊಗರಿ ರಾಶಿಯ ಕಾಲದಲ್ಲಿ ನಸುಕಿನ ನಾಲ್ಕಕ್ಕೆ ಐದು ಊರು ದಾಟಿ ಹೋಗುವ ಗಾಡಿ ನಮ್ಮದು. ಕಣದಲ್ಲಿ ಕಂಬಳಿ ಹೊದ್ದು ಮಲಗಿದವರು, ಬಾಣಂತಿಯರು, ಪರೀಕ್ಷೆಗೆ ಓದುವ ಮಕ್ಕಳು ಎಲ್ಲರ ನಿದ್ದೆ ಕೆಡಿಸಿ ಹೋಗುವ ಹಕ್ಕು ನನಗಿಲ್ಲ. ಅಳಿಯನಿಗೆ ಹೀಗೇ ಹೇಳಿದೆ, ಅವನು ಒಪ್ಪಿದ.

ನೀರಿನ ಜಿಐ ಪೈಪ್ ಬಗ್ಗಿಸಿ ಹಾಕಿಕೊಡುತ್ತೇವೆ, ಅಗ್ಗ ಎಂದವರೂ ಇದ್ದರು. ಆ ಪೈಪಿಗೆ ಸತುವಿನ ಲೇಪ ಇರುತ್ತದೆ. ವೆಲ್ಡಿಂಗ್ ಮಾಡುವಾಗ ಅದು ಸುಟ್ಟು ಏಳುವ ಬಿಳಿ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ ಬರುತ್ತದೆ. ನಮ್ಮ ರೊಕ್ಕ ಉಳಿಸಲು ಇನ್ನೊಬ್ಬರ ಎದೆ ಸುಡುವುದು ಬೇಡ ಅನಿಸಿತು. ಗುಜರಿಯಲ್ಲಿ ಹಳೆಯದು ಸಿಗುತ್ತದೆ, ಆದರೆ ಅದರ ಒಳಗು ನಮ್ಮದರ ಒಳಗಿನಂತೆಯೇ ಇದ್ದರೆ ಹೊರಗಿನಿಂದ ಯಾರು ಹೇಳಬಲ್ಲರು?

ಉಳಿದದ್ದು ಎರಡು: ಬಾಜಾರದ ಲೋಕಲ್ ಮಾಲು, ಶೋರೂಮಿನ ಒರಿಜಿನಲ್. ಕಲಬುರಗಿಯ ಒಂದು ಅಂಗಡಿಯವರು ಲೋಕಲ್ ಡಬ್ಬಿಯನ್ನು "ಪಕ್ಕಾ ಸ್ಟೇನ್‌ಲೆಸ್ ಅದ್ರಿ" ಎಂದು ಮುಂದಿಟ್ಟರು. ನಾನು ಅಯಸ್ಕಾಂತ ಒಯ್ದಿದ್ದೆ, ಅದು ಗಪ್ಪನೆ ಹಿಡಿಯಿತು. ಸುಳ್ಳು ಹೇಳಿದರು ಎಂದೇ ಸಿಟ್ಟು ಬಂತು. ಉಸ್ತಾದ್ ಆಮೇಲೆ ತಿದ್ದಿದರು. ಸೈಲೆನ್ಸರಿಗೆ ಬಳಸುವ 409 ನಂಬರಿನ ಸ್ಟೀಲಿನಲ್ಲಿ ಕ್ರೋಮಿಯಂ ಶೇ 11ರ ಆಸುಪಾಸು ಇದ್ದು ಅದು ಅಯಸ್ಕಾಂತ ಹಿಡಿಯುತ್ತದೆ. ಹಿಡಿಯದಿರುವುದು ನಮ್ಮ ಪಾತ್ರೆಗಳ 304. ಹಾಗಾಗಿ ಅಯಸ್ಕಾಂತದಿಂದ ಏನೂ ತೀರ್ಮಾನ ಆಗುವುದಿಲ್ಲ. ಪೈಪಿನ ಬಾಯೊಳಗೆ ಮೊಳೆಯಿಂದ ಗೀರಿ ನೋಡಬೇಕು. ಬೆಳ್ಳಿ ಬಣ್ಣ ಹಪ್ಪಳೆಯಾಗಿ ಎದ್ದು ಕೆಳಗೆ ಕರಿ ತಗಡು ಕಂಡರೆ ಅದು ಬರೀ ಬಣ್ಣ ಬಳಿದ ಕಬ್ಬಿಣ. ಅಲ್ಯೂಮಿನಿಯಂ ಲೇಪದ ಉಕ್ಕಾದರೆ ಹಾಗೆ ಹಪ್ಪಳೆ ಏಳುವುದಿಲ್ಲ.

ತೂಕದ ಉಪಾಯ ಮಾತ್ರ ನನ್ನದು. ಎರಡೂ ಡಬ್ಬಿಗಳನ್ನು, ವಾಪಸು ಕೊಡುವ ಕರಾರಿನ ಮೇಲೆ ಒಂದು ದಿನಕ್ಕೆ ತಂದು, ನಾವು ತೊಗರಿ ಹಾಕುವ ಅಡತಿ ಅಂಗಡಿಯ ಕಾಟಾದ ಮೇಲೆ ಇಟ್ಟೆ. ಒರಿಜಿನಲ್ ಹತ್ತು ಕಿಲೋ ಮೀರಿತು. ಲೋಕಲ್ ಏಳು ಕಿಲೋ ಮುಟ್ಟಲಿಲ್ಲ. ಅಳತೆಯಲ್ಲಿ ಎರಡೂ ಒಂದೇ. ಮೂರು ಕಿಲೋ ತಗಡು ಒಳಗೆ ಎಲ್ಲಿ ಕಡಿಮೆಯಾಗಿದೆಯೋ ಅಲ್ಲಿಂದಲೇ ಅದು ಹರಿಯುವುದು. ಅಡತಿಯ ಶೆಟ್ಟರು ಕನ್ನಡಕ ಏರಿಸಿ ನೋಡಿ, "ಹಸಿ ತೊಗರಿಗೂ ಒಣ ತೊಗರಿಗೂ ಇರೂ ಫರಕ್ ಇದು" ಅಂದರು. ಇನ್ನೊಂದು ಸಂಗತಿಯನ್ನೂ ನೋಡಿದೆ. ಒರಿಜಿನಲ್ಲಿನ ತಳದಲ್ಲಿ ಜೋಳದ ಕಾಳಿನಷ್ಟು ತೂತು ಇತ್ತು. ಲೋಕಲ್ಲಿನಲ್ಲಿ ಇರಲಿಲ್ಲ.

ಒರಿಜಿನಲ್ ಪೂರಾ ಲೈನಿಗೆ ಎರಡೂವರೆ ಪಟ್ಟು ರೊಕ್ಕ, ಎಂಟು ದಿನ ಕಾಯುವುದು ಬೇರೆ. ಆದರೂ ಅದನ್ನೇ ಹಾಕಿಸುವುದೆಂದು ಗಟ್ಟಿ ಮಾಡಿದೆವು. ತೊಗರಿ ಹಂಗಾಮು. ಪಕ್ಕದ ಹೊಲದವರ ಟ್ರ್ಯಾಕ್ಟರು ಕೈಕಡ ತಂದು ದಿನ ದೂಡಿದೆವು. ಅಷ್ಟು ರೊಕ್ಕ ಇಲ್ಲದವರಿಗೆ ನನ್ನ ಮಾತು ಇಷ್ಟು: ಲೋಕಲ್ಲಿನಲ್ಲೇ ಅಲ್ಯೂಮಿನಿಯಂ ಲೇಪದ್ದು, ತೂಕದ್ದು ಹುಡುಕಿ. ಸಿಗುತ್ತದೆ. ಅಯಸ್ಕಾಂತ ಮನೆಯಲ್ಲಿ ಬಿಟ್ಟು ಮೊಳೆ ಒಯ್ಯಿರಿ.

ಕೂರಿಸುವ ದಿನ ನಾನೂ ಕೆಳಗೆ ಮಲಗಿದ್ದೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಸೀಮೆಎಣ್ಣೆ ಬಿಟ್ಟು ನೆನೆಸಿದ್ದರು, ಆದರೂ ಎರಡು ಮುರಿದವು. ಪ್ಯಾಕಿಂಗ್ ಎಲ್ಲ ಹೊಸದು. ತೂಗುವ ರಬ್ಬರುಗಳೂ ಹೊಸವು. ಎಂಜಿನ್ ನಿಂತಲ್ಲೇ ಅಲುಗುತ್ತಿರುತ್ತದೆ, ಲೈನೂ ಅದರ ಜೊತೆ ಅಲುಗಬೇಕು. ರಬ್ಬರ್ ತೆಗೆದು ಚೇಸಿಗೆ ವೆಲ್ಡಿಂಗ್ ಹೊಡೆದರೆ ಪೈಪು ಕುತ್ತಿಗೆಯಲ್ಲಿ ಮುರಿಯುತ್ತದೆ. ಎಲ್ಲ ಬೋಲ್ಟುಗಳನ್ನು ಸಡಿಲವಾಗಿ ಹಾಕಿ, ಡೀಸೆಲ್ ಪೈಪಿಗೂ ಬ್ರೇಕ್ ಪೈಪಿಗೂ ಎಲ್ಲೂ ತಾಗದಂತೆ ಕೈ ಆಡಿಸಿ ನೋಡಿ, ಆಮೇಲೆ ಎಂಜಿನ್ ಕಡೆಯಿಂದ ಹಿಂದಕ್ಕೆ ಒಂದೊಂದಾಗಿ ಪಾನಾ ಬಿಗಿದರು. ನೂರು ಕಿಲೋಮೀಟರ್ ಓಡಿಸಿ ತಂದರೆ ಇನ್ನೊಮ್ಮೆ ಬಿಗಿಯುತ್ತೇನೆ ಎಂದರು, ಹಾಗೇ ಮಾಡಿದರು.

ಬಾಲದ ಪೈಪಿನ ಬಾಯಿ ಯಾವ ಕಡೆ ಇರಬೇಕು ಎಂಬುದಕ್ಕೂ ನಿಯಮ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹೊಗೆಯನ್ನು ನೆಲಕ್ಕೆ ಬಿಡುವ ಹಾಗಿಲ್ಲ, ಎಡಗಡೆಗೂ ಬಿಡುವ ಹಾಗಿಲ್ಲ. ನಮ್ಮ ದಾರಿಗಳಲ್ಲಿ ಎಡಗಡೆ ಎಂದರೆ ನಡೆಯುವವರ ಕಡೆ. ತಲೆಯ ಮೇಲೆ ಬುತ್ತಿ ಹೊತ್ತ ಹೆಣ್ಣುಮಕ್ಕಳು, ಸಾಲಿಗೆ ಹೋಗುವ ಹುಡುಗರು, ರಸ್ತೆಯ ಅಂಚಿಗೇ ಸಜ್ಜೆ ಹರವಿ ಕೂತ ಮುದುಕಿ. ನೆಲಕ್ಕೆ ಬಿಟ್ಟರೆ ರಸ್ತೆಯ ಮೇಲೆ ಹಾಸಿದ ಒಣ ಕಣಿಕೆಗೆ, ರವದಿಗೆ ಬಿಸಿ ತಾಗುತ್ತದೆ. ಡೀಸೆಲ್ ಹೊಗೆಯಿಂದ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲೇ ಸಾರಿದೆ. ಮೊದಲೆಲ್ಲ ಹತ್ತಿ ಬಿಡಿಸುವ ಹೆಂಗಸರು ನಮ್ಮ ಗಾಡಿಯ ಹಿಂದೆಯೇ ಕೂತು ಹೋಗುತ್ತಿದ್ದರು. ಸೆರಗು ಮೂಗಿಗೆ ಒತ್ತಿಕೊಂಡೇ ಇಳಿಯುತ್ತಿದ್ದರು. ಧೂಳಿಗೆ ಎಂದುಕೊಂಡಿದ್ದೆ. ಐದು ಕಡೆ ಬಾಯಿ ಬಿಟ್ಟ ಲೈನಿನ ಮೇಲೆ ಅವರನ್ನು ಎಷ್ಟು ದಿನ ಕೂಡಿಸಿದೆನೋ. ಸರಕಿನ ಗಾಡಿಯಲ್ಲಿ ಮಂದಿಯನ್ನು ಕೂಡಿಸುವುದು ಕಾನೂನಿಗೂ ತಪ್ಪು, ಈಗ ನಾವು ಪೂರಾ ನಿಲ್ಲಿಸಿದ್ದೇವೆ.

ಒಂದು ಮಾತು ಸ್ಪಷ್ಟ ಹೇಳಬೇಕು. ಹೊಸ ಸೈಲೆನ್ಸರಿನಿಂದ ಕರಿ ಹೊಗೆ ಹೋಗಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಗಾಳಿಯ ಫಿಲ್ಟರ್ ನಮ್ಮ ಧೂಳಿನಿಂದ ಕಟ್ಟಿತ್ತು, ನಾಜಲ್ಲುಗಳು ಸವೆದಿದ್ದವು. ಅವನ್ನು ಸರಿ ಮಾಡಿದ ಮೇಲೆಯೇ ಹೊಗೆ ತಪಾಸಣೆಯಲ್ಲಿ ಪಾಸಾದೆವು. ನಮ್ಮಂಥ ಹಳೆಯ ಬಿಎಸ್ 3 ಗಾಡಿಗೆ ಆ ತಪಾಸಣೆಯ ಪತ್ರ ಆರು ತಿಂಗಳಿಗೊಮ್ಮೆ, ಎಂಟು ವರ್ಷ ದಾಟಿದ ಸರಕಿನ ಗಾಡಿಗೆ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಪತ್ರ, ವರ್ಷಕ್ಕೊಮ್ಮೆ. ಬಿಎಸ್ 6 ಹೊಸ ಡೀಸೆಲ್ ಗಾಡಿ ಇರುವವರಿಗೂ ಒಂದು ಎಚ್ಚರಿಕೆ. ಅವುಗಳ ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಸ್ವಚ್ಛ ಮಾಡಿಕೊಳ್ಳುವಾಗ ಒಳಗೆ 600 ಡಿಗ್ರಿಯ ಆಸುಪಾಸಿಗೆ ಕಾಯುತ್ತದೆ. ಆ ಗಾಡಿಗಳನ್ನು ಕಣಿಕೆಯ ಮೇಲೆ, ಒಣ ಹುಲ್ಲಿನ ಮೇಲೆ ನಿಲ್ಲಿಸಲೇಬಾರದು.

ಹೊಸ ಲೈನ್ ಹಾಕಿಸಿ ಬಂದ ರಾತ್ರಿ ಅಂಗಳದಲ್ಲಿ ಗಾಡಿ ನಿಂತಾಗ ಒಲೆ ಆರಿತ್ತು. ಅವ್ವ ಹೊರಗೆ ಬಂದು, "ನಿಮ್ಮ ಗಾಡಿ ಬಂದದ್ದೇ ತಿಳೀಲಿಲ್ಲಲ್ಲೋ" ಅಂದಳು. ದೀಪ ತಂದು ಗಾಡಿಯ ಸುತ್ತ ಒಮ್ಮೆ ನೋಡಿ, ಬಾನೆಟ್ಟಿನ ಮೇಲೆ ಕೈಯಿಟ್ಟಳು. ಎಂಟು ದಿನ ಹಾಗೇ ಆಯಿತು. ಒಂಬತ್ತನೆಯ ದಿನ ನಾವು ಅಗಸಿ ದಾಟುವಷ್ಟರಲ್ಲಿ ಹಂಚು ಕಾದಿತ್ತು.

ನಿಮ್ಮ ಗಾಡಿ ಹಳೆಯದಾಗಿದ್ದರೆ ನಾಳೆ ಮುಂಜಾನೆ ಎಂಜಿನ್ ತಣ್ಣಗಿರುವಾಗ ಒಮ್ಮೆ ಕೆಳಗೆ ಬಗ್ಗಿ ನೋಡಿ. ಕಂಪನಿಯ ಡಬ್ಬಿಯಾಗಿದ್ದರೆ ತಳದಲ್ಲಿ ಜೋಳದ ಕಾಳಿನಷ್ಟು ತೂತು ಇರಬಹುದು. ಎರೆಮಣ್ಣು ಮೆತ್ತಿದ್ದರೆ ಒಂದು ತಂತಿಯಿಂದ ಬಿಡಿಸಿ. ಯಾರಾದರೂ ಪುಕ್ಕಟೆ ಮುಚ್ಚಿಕೊಡುತ್ತೇನೆ ಎಂದರೆ ದಯವಿಟ್ಟು ಬೇಡ ಅನ್ನಿ.